ಓದುಗರ ಪ್ರಶ್ನೆ: ಅಮೆರಿಕ ಓದುವುದಕ್ಕೂ ಅಮೆರಿಕಕ್ಕೆ ಹೋಗುವುದಕ್ಕೂ ಏನು ಸಂಬಂಧ?

ಕಳೆದ ಸಂಚಿಕೆಯಲ್ಲಿ ಒಂದೇ ಒಂದು ಸಾಲು ಬರೆದಿದ್ದೆ: ಇತಿಹಾಸ ಎಂ.ಎ.ಗೆ ಸೇರುವವರು ಅಮೆರಿಕದ ಇತಿಹಾಸದ ಪತ್ರಿಕೆಯನ್ನು ಬರೀ ಪಾಸಾಗಲು ಓದಬೇಡಿ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ದಾವಣಗೆರೆಯ ಕಾಲೇಜಿನಲ್ಲಿ ವರ್ಷಗಟ್ಟಲೆ ಅದೇ ಪಾಠ ಮಾಡಿದವಳು ನಾನು. ಆಗ ಇಡೀ ಕ್ಲಾಸು ಸೇರಿ ಇಷ್ಟು ಪ್ರಶ್ನೆ ಕೇಳಿರಲಿಲ್ಲ! ಹಾಗಾಗಿ ಈ ಸಲ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ಬಿ.ಎ. ಕೊನೆ ವರ್ಷ. ಅಮೆರಿಕದ ಇತಿಹಾಸ, ಅಲ್ಲಿನ ಜನರ ಬದುಕು ಇದನ್ನೇ ಮುಂದೆ ಓದಬೇಕು ಅಂತ ಆಸೆ. ಅಪ್ಪ "ಅಲ್ಲಿಗೆ ಹೋಗೋ ಹಾಗಿದ್ರೆ ಓದು, ಇಲ್ಲಾಂದ್ರೆ ಬಿ.ಎಡ್ ಮಾಡು" ಅನ್ನುತ್ತಾರೆ. ಇಂಥ ಕೋರ್ಸ್ ನಮ್ಮ ಕಡೆ ಇದೆಯಾ? ಕೆಲಸ ಸಿಗುತ್ತದಾ?
– ವಿದ್ಯಾರ್ಥಿನಿ, ಜಗಳೂರು ತಾಲ್ಲೂಕು

ಉತ್ತರ: ನೋಡಮ್ಮ, ನಿಮ್ಮಪ್ಪನ ಮಾತಿನಲ್ಲೇ ಒಂದು ಗಂಟಿದೆ, ಮೊದಲು ಅದನ್ನು ಬಿಚ್ಚೋಣ. ಅಮೆರಿಕ ಓದುವುದು ಬೇರೆ, ಅಮೆರಿಕಕ್ಕೆ ಹೋಗುವುದು ಬೇರೆ. ಜಾನ್ ಫ್ರಿಟ್ಜ್ ಅಂತ ಅಮೆರಿಕದ ಪುರಾತತ್ವ ವಿದ್ವಾಂಸರೊಬ್ಬರು ಹಂಪಿಗೆ ಬಂದು ವರ್ಷಗಟ್ಟಲೆ ಬಿಸಿಲಲ್ಲಿ ಕಲ್ಲು ಕಲ್ಲು ಅಳೆದರು. ಅವರನ್ನು ಯಾರೂ "ಏನ್ರೀ, ಹೊಸಪೇಟೆಯಲ್ಲೇ ಸೆಟ್ಲ್ ಆಗ್ತೀರಾ?" ಅಂತ ಕೇಳಿರಲಿಕ್ಕಿಲ್ಲ. ಅವರು ನಮ್ಮನ್ನು ಓದಬಹುದಾದರೆ ನಾವು ಅವರನ್ನು ಓದಬಾರದಾ?

ಈಗ ಕೋರ್ಸಿನ ವಿಷಯ. ನಮ್ಮ ಕಡೆ ಇದು ಮೂರು ಮನೆಗೆ ಹಂಚಿಹೋದ ಆಸ್ತಿ ಇದ್ದ ಹಾಗೆ. ಇತಿಹಾಸ ವಿಭಾಗದಲ್ಲಿ ಸಾಮಾನ್ಯವಾಗಿ ಒಂದು ಪತ್ರಿಕೆ, ಇಂಗ್ಲಿಷ್ ವಿಭಾಗದಲ್ಲಿ ಅಮೆರಿಕನ್ ಸಾಹಿತ್ಯ, ರಾಜ್ಯಶಾಸ್ತ್ರದಲ್ಲಿ ಸಂವಿಧಾನ ಹೋಲಿಸುವಾಗ ಒಂದೆರಡು ಅಧ್ಯಾಯ. ಒಬ್ಬರ ಕ್ಲಾಸಲ್ಲಿ ಏನು ನಡೆಯುತ್ತದೆ ಅಂತ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಈ ಮೂರನ್ನೂ ಒಟ್ಟಿಗೆ ಓದಬೇಕು ಅನ್ನುವ ಯೋಚನೆ ಹುಟ್ಟಿದ್ದು ಅಮೆರಿಕದಲ್ಲೇ, 1930ರ ದಶಕದಲ್ಲಿ. ಹಾರ್ವರ್ಡ್‌ನಲ್ಲಿ 1937ರಲ್ಲಿ ಅಮೆರಿಕನ್ ನಾಗರಿಕತೆ ಅಂತಲೇ ಪಿಎಚ್.ಡಿ. ಶುರುವಾಯಿತು. ಅಲ್ಲಿಯವರೆಗೆ ಅವರ ವಿಶ್ವವಿದ್ಯಾಲಯಗಳಿಗೇ ತಮ್ಮ ಸಾಹಿತ್ಯದ ಮೇಲೆ ಅಷ್ಟು ಗೌರವ ಇರಲಿಲ್ಲ. ಸಾಹಿತ್ಯ ಅಂದರೆ ಇಂಗ್ಲೆಂಡಿನದ್ದು ಅನ್ನುವ ಭಾವನೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಅವರಿಗೂ ಇತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕಥೆ ಬದಲಾಯಿತು. ರಷ್ಯದ ಜೊತೆ ಪೈಪೋಟಿ, ಹಾಗಾಗಿ ಬೇರೆ ದೇಶದವರು ತಮ್ಮನ್ನು ಓದಲಿ ಅಂತ ಅಮೆರಿಕ ಸರ್ಕಾರವೇ ದುಡ್ಡು ಹಾಕಿತು. ಎರಡೂ ದೇಶದ ವಿದ್ಯಾರ್ಥಿಗಳು, ಅಧ್ಯಾಪಕರು ಅಲ್ಲಿಂದಿಲ್ಲಿಗೆ ಹೋಗಿಬಂದು ಓದಲು ನೆರವು ಕೊಡುವ ಫುಲ್‌ಬ್ರೈಟ್ ಒಪ್ಪಂದ ಭಾರತದ ಜೊತೆ ಆದದ್ದು 1950ರ ಫೆಬ್ರುವರಿಯಲ್ಲಿ. 1964ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಅಂತ ಆಯಿತು. ನಾನು ಎಂ.ಫಿಲ್. ಮಾಡುವಾಗ ರಾತ್ರಿ ಬಸ್ಸಲ್ಲಿ ಹೋಗಿ ಅಲ್ಲಿ ಮೂರು ವಾರ ಇದ್ದೆ. ನಮ್ಮ ಕಾಲೇಜಿನಲ್ಲಿ ಅಮೆರಿಕದ ಮೇಲೆ ಇದ್ದದ್ದು ಒಂದು ಬೀರುವಿನ ಅರ್ಧ ಅಟ್ಟಣಿಗೆ, ಅದಕ್ಕೂ ಬೀಗ. ಅಲ್ಲಿ ನೋಡಿದರೆ ಸಾಲು ಸಾಲು ಕಪಾಟು, ಬೀಗವೇ ಇಲ್ಲ. ಮೊದಲ ದಿನ ಪುಸ್ತಕ ತೆಗೆಯಲು ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಅರ್ಧ ಗಂಟೆ ಸುಮ್ನೆ ನಿಂತಿದ್ದೆ! ವಾಪಸ್ ಬಂದಾಗ ನಮ್ಮ ಗೈಡ್ ಕೇಳಿದ್ದೂ ನಿಮ್ಮಪ್ಪನ ಪ್ರಶ್ನೆಯನ್ನೇ: "ಅಲ್ಲಿಗೆ ಹೋಗೋ ಪ್ಲಾನ್ ಏನಾದ್ರೂ ಇದೆಯಾ?"

ಆ ಕೇಂದ್ರ ಈಗ ಹೆಸರು ಬದಲಾಯಿಸಿಕೊಂಡು ಉಸ್ಮಾನಿಯಾದ ಅಂತರರಾಷ್ಟ್ರೀಯ ಕಾರ್ಯಕ್ರಮಗಳ ಕೇಂದ್ರ ಆಗಿದೆ. ದೆಹಲಿಯ ಜೆಎನ್‌ಯುನಲ್ಲಿ ಕೆನಡಾ, ಅಮೆರಿಕ, ಲ್ಯಾಟಿನ್ ಅಮೆರಿಕ ಸೇರಿಸಿ ಒಂದು ಅಧ್ಯಯನ ಕೇಂದ್ರ ಇದೆ. ನೀವು ಮೊದಲು ಇತಿಹಾಸದಲ್ಲಿ ಗಟ್ಟಿಯಾಗಿ ಎಂ.ಎ. ಮಾಡಿ, ಪ್ರಾಜೆಕ್ಟ್ ವಿಷಯವನ್ನು ಅಮೆರಿಕದಿಂದ ಆರಿಸಿಕೊಳ್ಳಿ, ಬಿಡುವಾದಾಗ ಇಂಗ್ಲಿಷ್ ವಿಭಾಗದವರ ಅಮೆರಿಕನ್ ಸಾಹಿತ್ಯದ ಕ್ಲಾಸಿನಲ್ಲಿ ಹಿಂದಿನ ಬೆಂಚಲ್ಲಿ ಕೂರಲು ಅನುಮತಿ ಕೇಳಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಕೇಳುವವರೇ ಇಲ್ಲ, ಅದು ಸಮಸ್ಯೆ.

ಇನ್ನು ಕೆಲಸ. "ಅಮೆರಿಕದ ಇತಿಹಾಸ ಓದಿದವರು ಬೇಕಾಗಿದ್ದಾರೆ" ಅನ್ನುವ ಜಾಹೀರಾತು ನಾನಂತೂ ಇವತ್ತಿನವರೆಗೂ ನೋಡಿಲ್ಲ. ಕೆಲಸ ಸಿಗುವುದು ಇತಿಹಾಸ ಎಂ.ಎ. ಮೇಲೆ, ಕಾಲೇಜು ಅಧ್ಯಾಪಕರಾಗಲು ಬರೆಯುವ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆಯ ಮೇಲೆ. ಪಿಯು ಉಪನ್ಯಾಸಕರ ಹುದ್ದೆಗೆ ಎಂ.ಎ. ಜೊತೆ ಬಿ.ಎಡ್ ಕೂಡ ಕೇಳುತ್ತಾರೆ, ಅಂದರೆ ನಿಮ್ಮಪ್ಪ ಹೇಳಿದ್ದು ಪೂರ್ತಿ ತಪ್ಪೇನಲ್ಲ. ಅವರ ಮಾತನ್ನೂ ನಡೆಸಿ, ನಿಮ್ಮ ಆಸೆಯನ್ನೂ ಬಿಡಬೇಡಿ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇತಿಹಾಸ ಎಂ.ಎ. ಮಾಡುತ್ತಿದ್ದೇನೆ. ಅಮೆರಿಕದ ಮೇಲಿನ ಇಂಗ್ಲಿಷ್ ಪುಸ್ತಕ ತೆಗೆದರೆ ಎರಡನೇ ಪುಟಕ್ಕೇ ನಿದ್ದೆ. ಸೀನಿಯರ್ ಕೊಟ್ಟ ನೋಟ್ಸ್ ಇದೆ. ಅದನ್ನೇ ಉರು ಹೊಡೆದರೆ ಸಾಕಾ?
– ವಿದ್ಯಾರ್ಥಿ, ಹೊಸದುರ್ಗ

ಉತ್ತರ: ಪಾಸಾಗಲು ಸಾಕು. ಆ ನೋಟ್ಸ್ ನನಗೂ ಚೆನ್ನಾಗಿ ಗೊತ್ತು, ಜೆರಾಕ್ಸ್‌ನ ಜೆರಾಕ್ಸ್‌ನ ಜೆರಾಕ್ಸ್. ಒಂದು ವರ್ಷ ಮೌಲ್ಯಮಾಪನಕ್ಕೆ ಹೋದಾಗ ಒಂದು ಕಟ್ಟಿನ ಅರ್ಧದಷ್ಟು ಉತ್ತರಗಳಲ್ಲಿ ಲಿಂಕನ್ ಕೊಲೆಯಾದದ್ದು 1856ರಲ್ಲಿ ಅಂತಿತ್ತು. ಆತ ಅಧ್ಯಕ್ಷನಾಗುವುದಕ್ಕೂ ಮೊದಲೇ ಕೊಂದುಬಿಟ್ಟಿದ್ದರು ಪಾಪ! 1865 ಅನ್ನುವುದನ್ನು ಯಾರೋ ಒಬ್ಬ ಪುಣ್ಯಾತ್ಮ ತಿರುವಿ ಬರೆದಿದ್ದ, ಉಳಿದವರೆಲ್ಲ ಅದನ್ನೇ ಉರು ಹೊಡೆದಿದ್ದರು.

ದಪ್ಪ ಪುಸ್ತಕದಿಂದ ಶುರು ಮಾಡಬೇಡಿ. ಮೂಲ ದಾಖಲೆಗಳಿಂದ ಶುರು ಮಾಡಿ, ಅವು ಚಿಕ್ಕವು. ಲಿಂಕನ್ 1863ರಲ್ಲಿ ಗೆಟ್ಟಿಸ್‌ಬರ್ಗ್‌ನಲ್ಲಿ ಮಾಡಿದ ಭಾಷಣ ಮುನ್ನೂರು ಪದವೂ ಇಲ್ಲ. 1787ರ ಸಂವಿಧಾನದ ಮೂಲ ಭಾಗವನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ಮೂರು ಸಂಜೆಯಲ್ಲಿ ಮುಗಿಸಬಹುದು. ಅದರಲ್ಲಿ ಒಂದು ಜಾಗ ತೋರಿಸುತ್ತೇನೆ. ಮೊದಲನೇ ವಿಧಿ, ಎರಡನೇ ಸೆಕ್ಷನ್. ಯಾವ ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಅನ್ನುವ ಲೆಕ್ಕ ಅಲ್ಲಿದೆ. ಸ್ವತಂತ್ರ ಜನರನ್ನು ಎಣಿಸಿ, ಅದಕ್ಕೆ "ಇತರ ಎಲ್ಲ ವ್ಯಕ್ತಿಗಳ" ಐದರಲ್ಲಿ ಮೂರು ಭಾಗ ಸೇರಿಸಿ ಅನ್ನುತ್ತದೆ. ಯಾರು ಈ ಇತರ ವ್ಯಕ್ತಿಗಳು? ಗುಲಾಮರು. ಐದು ಜನ ಗುಲಾಮರಿದ್ದರೆ ಲೆಕ್ಕಕ್ಕೆ ಮೂರು ಜನ. ಅವರಿಗೆ ಓಟಿಲ್ಲ, ಆದರೆ ಅವರ ತಲೆ ಎಣಿಸಿ ಯಜಮಾನರ ರಾಜ್ಯಕ್ಕೆ ಸೀಟು ಜಾಸ್ತಿ.

ಈಗ ಇನ್ನೊಂದು ಸಲ ಓದಿ. ಇಡೀ ದಾಖಲೆಯಲ್ಲಿ ಗುಲಾಮ ಅನ್ನುವ ಪದವೇ ಇಲ್ಲ. ಮೂರು ಕಡೆ ಗುಲಾಮರ ವಿಷಯ ಬರುತ್ತದೆ, ಮೂರೂ ಕಡೆ "ವ್ಯಕ್ತಿ" ಅಂತ ನುಣುಚಿಕೊಂಡಿದ್ದಾರೆ. ಗುಲಾಮಗಿರಿ ಅನ್ನುವ ಪದ ಸಂವಿಧಾನದೊಳಕ್ಕೆ ಬರುವುದು 1865ರಲ್ಲಿ, 13ನೇ ತಿದ್ದುಪಡಿಯಲ್ಲಿ, ಅದನ್ನು ರದ್ದು ಮಾಡುವಾಗ. ಇದ್ದಷ್ಟು ದಿನ ಹೆಸರಿಲ್ಲ, ಹೋಗುವಾಗ ಹೆಸರು ಬಂತು. ನಮ್ಮ ಹಳ್ಳಿಗಳಲ್ಲಿ "ಆ ಕಡೆಯೋರು" ಅನ್ನುತ್ತಾರಲ್ಲ, ಹೆಸರೇ ಹೇಳದೆ ಎಲ್ಲವನ್ನೂ ಹೇಳಿಬಿಡುವ ಮಾತು? ಅದನ್ನು ಕೇಳಿಕೊಂಡು ಬೆಳೆದ ನಿಮಗೆ ಈ "ಇತರ ವ್ಯಕ್ತಿಗಳು" ಥಟ್ಟನೆ ಅರ್ಥವಾಗುತ್ತದೆ. ಇಂಗ್ಲಿಷ್ ಚೆನ್ನಾಗಿ ಬರುವ ಎಷ್ಟೋ ವಿದ್ಯಾರ್ಥಿಗಳು ಆ ಸಾಲನ್ನು ಸಲೀಸಾಗಿ ದಾಟಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ.

ಆಮೇಲೆ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯ ಅನ್ನಬಹುದಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ವೆಬ್‌ಸೈಟಿಗೆ ಹೋಗಿ. 1936ರಿಂದ 38ರವರೆಗೆ, ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸವಿಲ್ಲದ ಬರಹಗಾರರಿಗೆ ಸರ್ಕಾರ ಒಂದು ಕೆಲಸ ಕೊಟ್ಟಿತು: ಒಂದು ಕಾಲಕ್ಕೆ ಗುಲಾಮರಾಗಿದ್ದ ಮುದುಕ ಮುದುಕಿಯರನ್ನು ಹುಡುಕಿ ಅವರ ಮಾತು ಬರೆದುಕೊಂಡು ಬನ್ನಿ ಅಂತ. 2,300ಕ್ಕೂ ಹೆಚ್ಚು ಜನರ ಮಾತು, 500 ಫೋಟೊ, ಎಲ್ಲ ಪುಕ್ಕಟೆ. ಬಹಳಷ್ಟು ಎರಡು ಮೂರು ಪುಟದವು. ಒಂದು ಎಚ್ಚರ ಇರಲಿ. ಬರೆದುಕೊಂಡವರಲ್ಲಿ ಜಾಸ್ತಿ ಜನ ಬಿಳಿಯರು. ಗೌಡರ ಮಗ ನೋಟ್‌ಬುಕ್ ಹಿಡಿದು ಬಂದು "ನಮ್ಮಪ್ಪ ನಿಮ್ಮನ್ನ ಹೇಗೆ ನೋಡಿಕೊಂಡ?" ಅಂತ ಕೇಳಿದರೆ ಜೀತಕ್ಕಿದ್ದ ಮುದುಕ ಏನು ಹೇಳಿಯಾನು? ಅದನ್ನು ತಲೆಯಲ್ಲಿಟ್ಟುಕೊಂಡು ಓದಿ. ದಿನಕ್ಕೊಂದು ಓದಿ ಐದು ಸಾಲು ನಿಮ್ಮದೇ ಕನ್ನಡದಲ್ಲಿ ಬರೆಯಿರಿ. ಕೇಳಿ ಕಲಿಯುವ ಅಭ್ಯಾಸ ಇದ್ದರೆ ಯೇಲ್ ವಿಶ್ವವಿದ್ಯಾಲಯ ತನ್ನ ತರಗತಿಯ ಪಾಠಗಳನ್ನೇ ಉಚಿತವಾಗಿ ಹಾಕಿದೆ, ಅಮೆರಿಕನ್ ಕ್ರಾಂತಿ ಮತ್ತು ಅಂತರ್ಯುದ್ಧ ಎರಡರ ಮೇಲೂ ಪೂರ್ತಿ ಕೋರ್ಸ್ ಇದೆ, ಪಾಠದ ಬರಹ ರೂಪವೂ ಜೊತೆಗೇ ಸಿಗುತ್ತದೆ.

ಪ್ರಶ್ನೆ: ನಮ್ಮ ತಂದೆ ದಾವಣಗೆರೆಯಲ್ಲಿ ಹತ್ತಿ ಗಿರಣಿ ಕೆಲಸಗಾರರಾಗಿದ್ದರು. ಅಮೆರಿಕದಲ್ಲಿ ಯುದ್ಧ ಆಗಿದ್ದಕ್ಕೇ ನಮ್ಮ ಕಡೆ ಹತ್ತಿಗೆ ಬೆಲೆ ಬಂತು ಅನ್ನುತ್ತಿದ್ದರು. ನಿಜವಾ, ಗಿರಣಿ ಗೇಟಿನ ಹರಟೆಯಾ? ಮಗಳು ಎಂ.ಎ. ಪ್ರಾಜೆಕ್ಟಿಗೆ ಇದನ್ನು ತೆಗೆದುಕೊಳ್ಳಬಹುದಾ?
– ಓದುಗರು, ದಾವಣಗೆರೆ

ಉತ್ತರ: ನಿಜ, ಆದರೆ ಕಾಲ ಸ್ವಲ್ಪ ಕಲಸಿಕೊಂಡಿದೆ. ಅಮೆರಿಕದ ಅಂತರ್ಯುದ್ಧ, ಅಂದರೆ ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಹೊರಬಂದ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ನಡೆದ ಯುದ್ಧ, 1861ರಿಂದ 65. ದಾವಣಗೆರೆಗೆ ಗಿರಣಿಗಳು ಬಂದದ್ದು ಅದಾದ ಎಷ್ಟೋ ಕಾಲಕ್ಕೆ, ಇಪ್ಪತ್ತನೇ ಶತಮಾನದಲ್ಲಿ. ಯುದ್ಧದ ಬಿಸಿ ನೇರವಾಗಿ ತಟ್ಟಿದ್ದು ತುಂಗಭದ್ರಾ ಹೊಳೆಯಾಚೆಯ ಧಾರವಾಡ ಜಿಲ್ಲೆಗೆ.

ಆಗಿದ್ದು ಹೀಗೆ. 1793ರಲ್ಲಿ ಎಲೈ ವಿಟ್ನಿ ಹತ್ತಿಯಿಂದ ಬೀಜ ಬಿಡಿಸುವ ಯಂತ್ರ ಮಾಡಿದ. ಕೆಲಸ ಹಗುರ ಆಗಿ ಗುಲಾಮರ ಸಂಖ್ಯೆ ಇಳಿಯಬೇಕಿತ್ತು ಅಲ್ವಾ? ಆಗಿದ್ದು ಉಲ್ಟಾ. ಬೀಜ ಬಿಡಿಸುವುದು ಸುಲಭ ಆದ ಮೇಲೆ ಹೊಲ ಜಾಸ್ತಿ, ಹೊಲ ಜಾಸ್ತಿ ಆದ ಮೇಲೆ ದುಡಿಯುವ ಕೈ ಜಾಸ್ತಿ. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಹೊತ್ತಿಗೆ ಸುಮಾರು 40 ಲಕ್ಷ. ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಇವರು ಬಿಡಿಸಿದ್ದೇ. ಯುದ್ಧ ಶುರುವಾದಾಗ ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ, ಹತ್ತಿ ನಿಂತುಹೋಯಿತು. ಲ್ಯಾಂಕಾಶೈರ್‌ನ ಮ್ಯಾಂಚೆಸ್ಟರ್ ಗಿರಣಿಯವರು ಬೊಂಬಾಯಿ ಕಡೆ ತಿರುಗಿದರು. ಬೊಂಬಾಯಿಯಲ್ಲಿ ಹತ್ತಿ ಬೆಲೆ ಆಕಾಶಕ್ಕೆ ಹೋಯಿತು.

ಧಾರವಾಡದ ವಿಶೇಷ ಏನೆಂದರೆ ಅಲ್ಲಿ ಅಮೆರಿಕದ ತಳಿಯೇ ಬೆಳೆಯುತ್ತಿತ್ತು. 1840ರ ಹೊತ್ತಿಗೇ ಕಂಪನಿ ಸರ್ಕಾರ ಅಮೆರಿಕದಿಂದ ಪ್ಲಾಂಟರ್‌ಗಳನ್ನೂ (ಹತ್ತಿ ಬೆಳೆಗಾರರು) ಬೀಜವನ್ನೂ ತರಿಸಿತ್ತು. ಬೇರೆ ಹಲವು ಕಡೆ ಕೈಕೊಟ್ಟ ಆ ನ್ಯೂ ಆರ್ಲಿಯನ್ಸ್ ತಳಿ ಧಾರವಾಡದ ಎರೆ ಮಣ್ಣಿಗೆ ಒಗ್ಗಿತು. ಪೇಟೆಯಲ್ಲಿ ಅದಕ್ಕೆ ಧಾರವಾಡ ಅಮೆರಿಕನ್ ಅಂತಲೇ ಹೆಸರು. ಬೆಲೆ ಏರಿದ ಮೇಲೆ ಏನಾಗುತ್ತದೆ? ಕಲಬೆರಕೆ. ಒಳ್ಳೆ ಹತ್ತಿಗೆ ಕೀಳು ಹತ್ತಿ ಬೆರೆಸುವುದು, ಕಸ ಸೇರಿಸುವುದು. ಎಷ್ಟರ ಮಟ್ಟಿಗೆ ಅಂದರೆ ಬೊಂಬಾಯಿ ಸರ್ಕಾರ 1863ರಲ್ಲಿ ಹತ್ತಿ ಮೋಸ ತಡೆಯಲೆಂದೇ ಒಂದು ಕಾಯ್ದೆ ಮಾಡಬೇಕಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ದಬ್ಬೆಂದು ಬಿತ್ತು. ಬೊಂಬಾಯಿಯಲ್ಲಿ ದೊಡ್ಡ ದೊಡ್ಡ ಕುಳಗಳು ದಿವಾಳಿಯಾದವು. ಹಳ್ಳಿಗಳಲ್ಲಿ ಉಳಿದದ್ದು ಸಾಲ.

ಮಗಳು ಇದನ್ನು ಧಾರಾಳವಾಗಿ ತೆಗೆದುಕೊಳ್ಳಲಿ. ಆದರೆ "ಅಮೆರಿಕದ ಅಂತರ್ಯುದ್ಧ ಮತ್ತು ಕರ್ನಾಟಕ" ಅಂತ ಇಡೀ ಆಕಾಶ ತಬ್ಬಿಕೊಳ್ಳುವುದು ಬೇಡ. ಐದು ವರ್ಷ, ಒಂದು ತಾಲ್ಲೂಕು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ರಾಣೆಬೆನ್ನೂರು ಅಂತಿಟ್ಟುಕೊಳ್ಳಿ. ಒಂದು ವಿಷಯ ಮೊದಲೇ ತಿಳಿದಿರಲಿ, ಆಗ ಹರಿಹರದ ಹೊಳೆ ದಾಟಿದರೆ ಬೇರೆ ಸರ್ಕಾರ. ಈಚೆ ದಡ ಮೈಸೂರು, ಆಚೆ ದಡ ಬೊಂಬಾಯಿ. ಹಾಗಾಗಿ ರಾಣೆಬೆನ್ನೂರಿನ ಕಾಗದ ಹುಡುಕಲು ಬೆಂಗಳೂರಿಗಿಂತ ಮುಂಬೈ ಪತ್ರಾಗಾರಕ್ಕೇ ಹೋಗಬೇಕಾಗುತ್ತದೆ. ಒಂದು ವಾರದ ಖರ್ಚಿಗೆ ದುಡ್ಡು ಎತ್ತಿಟ್ಟಿರಿ. ನಿಮ್ಮ ತಂದೆಯ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಗಿರಣಿ ಗೇಟಿನ ಹರಟೆಗೆ ಇಷ್ಟು ಹಳೆಯ ನೆನಪು ಹೇಗೆ ಬಂತು ಅನ್ನುವುದೇ ಒಂದು ಅಧ್ಯಾಯ ಆಗುತ್ತದೆ.

ಪ್ರಶ್ನೆ: ಹೈದರಾಲಿ ಹೆಸರಿನ ಹಡಗು ಅಮೆರಿಕದಲ್ಲಿ ಇತ್ತಂತೆ. ವಾಟ್ಸ್ಆ್ಯಪ್ ಕಥೆಯೋ, ನಿಜವೋ?
– ಓದುಗರು, ಚಿತ್ರದುರ್ಗ

ಉತ್ತರ: ವಾಟ್ಸ್ಆ್ಯಪ್‌ನಲ್ಲಿ ಬಂದರೂ ಇದು ನಿಜ! ಅಮೆರಿಕದವರು ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ಮಾಡುತ್ತಿದ್ದಾಗ ಇಲ್ಲಿ ಹೈದರನೂ ಅದೇ ಬ್ರಿಟಿಷರ ಮೇಲೆ ಬಿದ್ದಿದ್ದ. ಆ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರ ಒಂದು ಹಡಗಿಗೆ ಹೈದರ್ ಆಲಿ ಅಂತ ಹೆಸರಿಟ್ಟರು. ಜೋಶುವಾ ಬಾರ್ನಿ ಅನ್ನುವವನು ಅದರ ಕ್ಯಾಪ್ಟನ್. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಜನರಲ್ ಮಂಕ್ ಅನ್ನುವ ಬ್ರಿಟಿಷ್ ಹಡಗನ್ನು ಅದು ಹಿಡಿಯಿತು. ದುರ್ಗದವರಾದ ನಿಮಗೆ ಇದು ಒಂಥರಾ ಅನ್ನಿಸಬಹುದು. 1779ರಲ್ಲಿ ನಿಮ್ಮ ಕೋಟೆ ಹಿಡಿದು ಮದಕರಿ ನಾಯಕನನ್ನು ಸೆರೆ ಒಯ್ದವನು ಅದೇ ಹೈದರ. ಮೂರೇ ವರ್ಷದಲ್ಲಿ ಆತ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದಲ್ಲಿ ಹೀರೊ. ದೂರದವರಿಗೆ ಕಂಡದ್ದು ಬ್ರಿಟಿಷರ ವೈರಿ, ಕೋಟೆಯೊಳಗಿದ್ದವರಿಗೆ ಕಂಡದ್ದು ಬೇರೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಮಕ್ಕಳಿಗೆ "ರೆಡ್ ಇಂಡಿಯನ್ನರು" ಅಂತಲೇ ಹೇಳಿಕೊಡುತ್ತಾ ಬಂದಿದ್ದೇನೆ. ಈಗ ಅದು ತಪ್ಪು ಅಂತಾರೆ. ಹೌದಾ?
– ಹೊನ್ನಾಳಿ

ಉತ್ತರ: ಹೌದು ಮೇಷ್ಟ್ರೇ, ಬಿಟ್ಟುಬಿಡಿ. ಕೊಲಂಬಸ್ ದಾರಿ ತಪ್ಪಿ ಇಟ್ಟ ಹೆಸರು, ಅದರ ಮೇಲೆ ಮೈಬಣ್ಣ ಬೇರೆ. ಸರ್ಕಾರ ಮಾನ್ಯ ಮಾಡಿದ ಬುಡಕಟ್ಟುಗಳೇ ಈಗ ಅಲ್ಲಿ ಐನೂರಕ್ಕೂ ಹೆಚ್ಚಿವೆ. ಚೆರೋಕಿ, ನವಾಹೊ, ಲಕೋಟ ಹೀಗೆ ಅವರವರ ಹೆಸರೇ ಹೇಳಿ, ಒಟ್ಟಾಗಿ ಹೇಳುವಾಗ ಮೂಲ ಅಮೆರಿಕನ್ನರು ಅನ್ನಿ. 1830ರಲ್ಲಿ ಕಾಯ್ದೆ ಮಾಡಿ ಅವರನ್ನು ಮಿಸಿಸಿಪ್ಪಿ ನದಿಯಾಚೆಗೆ ಒಕ್ಕಲೆಬ್ಬಿಸಿದರು. 1838ರಲ್ಲಿ ಹೊರಟ ಚೆರೋಕಿ ಜನರಲ್ಲಿ ಸಾವಿರಾರು ಮಂದಿ ದಾರಿಯಲ್ಲೇ ಸತ್ತರು. ತೆರವು ಮಾಡಿದ ಆ ನೆಲದಲ್ಲೇ ಹತ್ತಿ ಬಂತು, ಹತ್ತಿಯ ಜೊತೆ ಗುಲಾಮರು ಬಂದರು. ಆ ನೆಲದ ಮಕ್ಕಳಿಗೆಲ್ಲ ಅಮೆರಿಕದ ಪೌರತ್ವ ಸಿಕ್ಕಿದ್ದು 1924ರಲ್ಲಿ!

ಮಕ್ಕಳಿಗೆ ಹೇಳಲು ಇನ್ನೊಂದು ಸುಲಭ ದಾರಿ ಇದೆ. ನಿಮ್ಮ ಶಾಲೆಯ ಕಿಟಕಿಯಿಂದಲೇ ಮೆಕ್ಕೆಜೋಳದ ಹೊಲ ಕಾಣಬಹುದು. ಆ ಬೆಳೆಯನ್ನು ಸಾವಿರಾರು ವರ್ಷದ ಹಿಂದೆ ಕಾಡು ಹುಲ್ಲಿನಿಂದ ಪಳಗಿಸಿದವರು ಮೆಕ್ಸಿಕೊದ ಮೂಲನಿವಾಸಿಗಳು. ಉತ್ತರಕ್ಕೆ ಇರೊಕ್ವಾ ಜನ ಮೆಕ್ಕೆಜೋಳ, ಬೀನ್ಸ್ ಜಾತಿಯ ಕಾಳು, ಕುಂಬಳ ಮೂರನ್ನೂ ಒಟ್ಟಿಗೆ ಹಾಕಿ "ಮೂವರು ಅಕ್ಕತಂಗಿಯರು" ಅನ್ನುತ್ತಿದ್ದರು. ಜೋಳದ ದಂಟಿಗೆ ಬಳ್ಳಿ ಹಬ್ಬುತ್ತದೆ, ಕುಂಬಳದ ಎಲೆ ನೆಲದ ತೇವ ಕಾಯುತ್ತದೆ. ನಮ್ಮ ಅಕ್ಕಡಿ ಸಾಲು ನೋಡಿ ಬೆಳೆದ ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ.

ಪ್ರಶ್ನೆ: ಅಮೆರಿಕದ ಕಪ್ಪುಜನರ ಹೋರಾಟವನ್ನೂ ನಮ್ಮ ಜಾತಿ ವಿರೋಧಿ ಹೋರಾಟವನ್ನೂ ಸೇರಿಸಿ ಪ್ರಬಂಧ ಬರೆಯಬೇಕು ಅಂತಿದ್ದೇನೆ. ಗೈಡ್ "ಇದು ಅಮೆರಿಕದ ಇತಿಹಾಸ ಅಲ್ಲ, ಸಮಾಜಶಾಸ್ತ್ರಕ್ಕೆ ಹೋಗು" ಅನ್ನುತ್ತಾರೆ. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಗೈಡ್ ಜೊತೆ ಜಗಳ ಆಡಬೇಡಪ್ಪ, ದಾಖಲೆ ತೆಗೆದುಕೊಂಡು ಹೋಗು. ಈ ಎರಡು ಕಥೆಗಳನ್ನು ಈಗಿನವರು ತಂದು ಅಂಟಿಸಿದ್ದಲ್ಲ, ಆಗಿನವರೇ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಜಾತಿಯ ವಿರುದ್ಧ ಹೋರಾಡಿದ ಮಹಾರಾಷ್ಟ್ರದ ಜೋತಿರಾವ್ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅರ್ಪಿಸಿದ್ದೇ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಅಂಬೇಡ್ಕರ್ 1913ರಿಂದ 16ರವರೆಗೆ ನ್ಯೂಯಾರ್ಕ್‌ನ ಕೊಲಂಬಿಯಾದಲ್ಲಿ ಓದಿದರು. 1946ರಲ್ಲಿ ಅವರು ಕಪ್ಪುಜನರ ದೊಡ್ಡ ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್‌ಗೆ ಕಾಗದ ಬರೆದು, ನಿಮ್ಮವರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ ಕೇಳಿದರು. ಡು ಬಾಯ್ಸ್ ಉತ್ತರವನ್ನೂ ಬರೆದರು. 1972ರಲ್ಲಿ ಬೊಂಬಾಯಿಯ ದಲಿತ ಯುವಕರು ಕಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆ ಹೆಸರು ಎತ್ತಿಕೊಂಡದ್ದು 1966ರಲ್ಲಿ ಅಮೆರಿಕದ ಕಪ್ಪುಜನರು ಕಟ್ಟಿದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ.

ಆದರೆ ನಾನಾಗಿದ್ದರೆ ಇದಕ್ಕಿಂತ ಒಂದು ಮೊಕದ್ದಮೆ ಹಿಡಿಯುತ್ತಿದ್ದೆ. ಭಗತ್ ಸಿಂಗ್ ಥಿಂಡ್, ಪಂಜಾಬಿನ ಸಿಖ್ಖರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು. ಪೌರತ್ವ ಕೇಳಿದರು. ಆಗ ವಲಸೆ ಬಂದವರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕ ಮೂಲದವರಿಗೆ ಮಾತ್ರ ಪೌರತ್ವ ಕೊಡುವ ಕಾನೂನಿತ್ತು. ಥಿಂಡ್ ಪರವಾಗಿ ಕೋರ್ಟಿನಲ್ಲಿ ಇಟ್ಟ ವಾದ ಕೇಳು: ನಾನು ಮೇಲ್ಜಾತಿಯವನು, ಆರ್ಯ, ಆದ್ದರಿಂದ ಬಿಳಿಯ. ಅಷ್ಟೇ ಅಲ್ಲ, ಮದುವೆ ವಿಷಯದಲ್ಲಿ ನಿಮ್ಮವರು ಕಪ್ಪುಜನರನ್ನು ಹೇಗೆ ದೂರ ಇಡುತ್ತಾರೋ ನಮ್ಮ ಮೇಲ್ಜಾತಿಯವರೂ ಕೆಳಗಿನವರನ್ನು ಹಾಗೇ ದೂರ ಇಡುತ್ತಾರೆ ಅನ್ನುವ ಅರ್ಥದ ಮಾತೂ ಅದರಲ್ಲಿ ಇತ್ತು. ಜಾತಿ ಹಡಗು ಹತ್ತಿಕೊಂಡು ಹೋಗಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗೆ! ಕೋರ್ಟ್ 1923ರಲ್ಲಿ ಅದನ್ನು ತಳ್ಳಿಹಾಕಿತು. ಆರ್ಯ ಗೀರ್ಯ ಬಿಡಿ, ಸಾಮಾನ್ಯ ಜನ ಬಿಳಿಯ ಅಂದರೆ ಯಾರನ್ನು ಅಂದುಕೊಳ್ಳುತ್ತಾರೋ ಅವರೇ ಬಿಳಿಯರು ಅಂದಿತು. ಆಗಲೇ ಪೌರತ್ವ ಪಡೆದಿದ್ದ ಕೆಲವು ಭಾರತೀಯರೂ ಅದನ್ನು ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ ಕಾಯ್ದೆ ಬಂದದ್ದು 1946ರಲ್ಲಿ, ವಲಸೆಗೆ ಕೊಟ್ಟ ಲೆಕ್ಕ ವರ್ಷಕ್ಕೆ ಸುಮಾರು ನೂರು ಜನ. 1965ರ ವಲಸೆ ಕಾನೂನು ಬಂದ ಮೇಲೆ ನಿಜವಾಗಿ ತೆರೆಯಿತು. ಅದು ಬಂದದ್ದು ಕಪ್ಪುಜನರು ನಾಗರಿಕ ಹಕ್ಕಿಗಾಗಿ ಏಟು ತಿಂದು ಹೋರಾಡಿದ ಅದೇ ಗಾಳಿಯಲ್ಲಿ. ಆಮೇಲೆ ಇಂಜಿನಿಯರಾಗಿ ವಿಮಾನ ಹತ್ತಿದ ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಈ ಮೊಕದ್ದಮೆಯ ತೀರ್ಪು ಕೆಲವೇ ಪುಟ. ಪ್ರಿಂಟ್ ತೆಗೆದು ಗೈಡ್ ಟೇಬಲ್ ಮೇಲೆ ಇಡು. ಇದು ಅಮೆರಿಕದ ಇತಿಹಾಸ ಅಲ್ಲ ಅಂತ ಅವರು ಹೇಗೆ ಹೇಳುತ್ತಾರೋ ನೋಡೋಣ.

ಪ್ರಶ್ನೆ: ಮಗ ಅಮೆರಿಕಕ್ಕೇ ಹೋಗಿ ಇತಿಹಾಸದಲ್ಲಿ ಮಾಸ್ಟರ್ಸ್ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಏಜೆಂಟರು ತೋಟದ ಮೇಲೆ ಸಾಲ ತೆಗೆಯಿರಿ ಅನ್ನುತ್ತಾರೆ. ತೆಗೆಯಲಾ?
– ತಂದೆ, ಚನ್ನಗಿರಿ

ಉತ್ತರ: ಬೇಡ ಯಜಮಾನ್ರೇ. ಅಡಿಕೆ ತೋಟ ಒತ್ತೆ ಇಟ್ಟು ಇತಿಹಾಸ ಓದಿಸುವುದು ಬೇಡ, ಇತಿಹಾಸ ಪಾಠ ಮಾಡಿದವಳೇ ಹೇಳುತ್ತಿದ್ದೇನೆ. ಕಂಪ್ಯೂಟರ್, ಇಂಜಿನಿಯರಿಂಗ್ ಓದಿದವರಿಗೆ ಓದು ಮುಗಿದ ಮೇಲೆ ಅಲ್ಲಿ ಕೆಲಸ ಮಾಡಲು ಇರುವಷ್ಟು ಅವಧಿ ಇತಿಹಾಸದವರಿಗೆ ಇಲ್ಲ. ಅವರಿಗೆ ಮೂರು ವರ್ಷದವರೆಗೆ ಸಿಕ್ಕರೆ ಇವರಿಗೆ ಒಂದೇ ವರ್ಷ, ಆ ನಿಯಮವೂ ಯಾವಾಗ ಬೇಕಾದರೂ ಬದಲಾಗಬಹುದು. ಸಾಲ ಯಾರು ತೀರಿಸುತ್ತಾರೆ? ಇನ್ನೊಂದು ವಿಷಯ ಏಜೆಂಟರು ಹೇಳುವುದಿಲ್ಲ. ಅಲ್ಲಿ ಇತಿಹಾಸದಲ್ಲಿ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ನಾವೇ ದುಡ್ಡು ಕಟ್ಟಬೇಕು, ಪಿಎಚ್.ಡಿ.ಗೆ ಒಳ್ಳೆ ವಿಶ್ವವಿದ್ಯಾಲಯಗಳು ಫೀಸು ಬಿಟ್ಟು ಖರ್ಚಿಗೂ ಕೊಡುತ್ತವೆ. ಹುಡುಗ ಇಲ್ಲೇ ಎಂ.ಎ. ಮುಗಿಸಿ, ಮೊದಲ ಪತ್ರದ ಹುಡುಗಿಗೆ ಹೇಳಿದ ಹಾಗೆ ಒಂದು ಗಟ್ಟಿ ಪ್ರಾಜೆಕ್ಟ್ ಬರೆದು, ಆಮೇಲೆ ನೇರ ಪಿಎಚ್.ಡಿ.ಗೋ ಫುಲ್‌ಬ್ರೈಟ್-ನೆಹರೂ ಫೆಲೋಶಿಪ್‌ಗೋ ತಾನೇ ಅರ್ಜಿ ಹಾಕಲಿ. ಅರ್ಜಿಗೆ ಏಜೆಂಟ್ ಬೇಕಾಗಿಲ್ಲ.

ಪ್ರಶ್ನೆ: ನಾನು ಅರವತ್ತು ದಾಟಿದವಳು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಹಳದಿ ಹಿಟ್ಟಿನ ಉಪ್ಪಿಟ್ಟು ಕೊಡುತ್ತಿದ್ದರು, ಅಮೆರಿಕದ್ದು ಅನ್ನುತ್ತಿದ್ದರು. ಇಂಥದ್ದೆಲ್ಲ ನಿಮ್ಮ ಇತಿಹಾಸದಲ್ಲಿ ಬರುತ್ತದಾ?
– ಓದುಗರು, ಹಿರಿಯೂರು

ಉತ್ತರ: ಬರಬೇಕು ಅಕ್ಕ, ಬರೆದವರು ಕಡಿಮೆ. ಆ ಉಪ್ಪಿಟ್ಟು ನಾನೂ ತಿಂದಿದ್ದೇನೆ. ತಟ್ಟೆ ತರದವರು ಮುತ್ತುಗದ ಎಲೆ ತರುತ್ತಿದ್ದರು, ನೆನಪಿದೆಯಾ? ಕೇರ್ ಅನ್ನುವ ಸಂಸ್ಥೆ ಅದನ್ನು ಕೊಡುತ್ತಿತ್ತು. 1945ರಲ್ಲಿ, ಯುದ್ಧದಲ್ಲಿ ನಲುಗಿದ ಯುರೋಪಿಗೆ ಊಟದ ಪೊಟ್ಟಣ ಕಳಿಸಲು ಹುಟ್ಟಿದ್ದು. ಅದರ ಹಿಂದೆ ಪಿಎಲ್ 480 ಅನ್ನುವ 1954ರ ಅಮೆರಿಕದ ಕಾನೂನಿತ್ತು. ಅವರ ರೈತರು ಬೆಳೆದು ಮಿಕ್ಕಿದ ಧಾನ್ಯವನ್ನು ಬೇರೆ ದೇಶಕ್ಕೆ ಕಳಿಸುವ ಏರ್ಪಾಡು, ಅವರ ಗೋದಾಮೂ ಖಾಲಿ, ನಮ್ಮ ಹೊಟ್ಟೆಗೂ ಊಟ. 1965–66ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಧಾನ್ಯವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು, ಹಗ್ಗ ತಮ್ಮ ಕೈಯಲ್ಲೇ ಇಟ್ಟುಕೊಂಡು. ದೆಹಲಿಯಲ್ಲಿ ಅದು ಅವಮಾನದ ಮಾತಾಗಿತ್ತು. ನಮಗೆ ಅದೇನೂ ಗೊತ್ತಿರಲಿಲ್ಲ, ಎರಡನೇ ಸಲ ಬಡಿಸುತ್ತಾರಾ ಅನ್ನುವುದಷ್ಟೇ ಚಿಂತೆ.

ನಿಮಗೆ ನೆನಪಿರುವುದನ್ನೆಲ್ಲ ಬರೆದು ಕಳಿಸಿ. ಯಾರು ಬೇಯಿಸುತ್ತಿದ್ದರು, ಯಾರು ಎಲ್ಲಿ ಕೂರುತ್ತಿದ್ದರು, ಯಾರ ಮಕ್ಕಳು ಮನೆಗೆ ಹೋಗಿ ಉಣ್ಣುತ್ತಿದ್ದರು, ಎಲ್ಲ ಬೇಕು. ಆ ಎಣ್ಣೆ ಡಬ್ಬಿಯೂ ನೆನಪಿರಬೇಕು, ಮೇಲೆ ಎರಡು ಕೈ ಕುಲುಕುವ ಚಿತ್ರ, ಮಾರುವಂತಿಲ್ಲ ಅಂತ ಇಂಗ್ಲಿಷಿನಲ್ಲಿ. ನಮ್ಮಮ್ಮ ಎಲ್ಲಿಂದಲೋ ಒಂದು ಖಾಲಿ ಡಬ್ಬಿ ಸಂಪಾದಿಸಿದ್ದರು. ಈಗಲೂ ನಮ್ಮನೆಯಲ್ಲಿದೆ, ರಂಗೋಲಿ ಪುಡಿ ಹಾಕಿಡುತ್ತೇವೆ. ಒಂದು ಕೈ ತುಕ್ಕು ಹಿಡಿದು ಹೋಗಿದೆ, ಇನ್ನೊಂದು ಕಾಣುತ್ತದೆ.